ಬಾಹ್ಯಾಕಾಶದಲ್ಲಿ ವೆಲ್ಡಿಂಗ್ ಮಾಡಿದ ಸ್ವೆತ್ಲಾನಾ ಸವಿತ್ಸ್ಕಾಯಾ

ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆ ತೆರೆಷ್ಕೋವಾ ಬಿಟ್ಟರೆ ರಷ್ಯಾದ ಯಾವ ಮಹಿಳಾ ಗಗನಯಾತ್ರಿಯ ಬಗ್ಗೆ ತಿಳಿದುಕೊಳ್ಳಬೇಕು ಅಂತ ಕೇಳಿದ್ದೀರಿ. ನಾನು ಹೇಳೋ ಹೆಸರು ಸ್ವೆತ್ಲಾನಾ ಸವಿತ್ಸ್ಕಾಯಾ. ಬಾಹ್ಯಾಕಾಶ ನಡಿಗೆ ಮಾಡಿದ ಮೊದಲ ಮಹಿಳೆ ಅವರು. ಆದರೆ ನನಗೆ ಜಾಸ್ತಿ ಇಷ್ಟ, ನಿಲ್ದಾಣದಿಂದ ಹೊರಗೆ ಹೋಗಿ ಅವರು ಮಾಡಿದ ಕೆಲಸ.

ಹುಟ್ಟಿದ್ದು 1948ರಲ್ಲಿ, ಮಾಸ್ಕೋದಲ್ಲಿ. ಅಪ್ಪ ಯೆವ್ಗೆನಿ ಸವಿತ್ಸ್ಕಿ ಎರಡನೇ ಮಹಾಯುದ್ಧದ ಹೆಸರಾಂತ ಯುದ್ಧವಿಮಾನ ಪೈಲಟ್, ಆಮೇಲೆ ವಾಯುಪಡೆಯ ಮಾರ್ಷಲ್. ಹಾಗಂತ ಅಪ್ಪನ ಕೈ ಹಿಡಿದು ಮೇಲೆ ಬಂದವರಲ್ಲ. ಪ್ಯಾರಾಚೂಟ್ ಕಲಿಯಲು ಶುರು ಮಾಡಿದ್ದೇ ಮನೆಯವರಿಗೆ ಹೇಳದೆ. ಸ್ಕೂಲ್ ಬ್ಯಾಗಿನಲ್ಲಿ ಪ್ಯಾರಾಚೂಟಿನ ಚಾಕು ಸಿಕ್ಕಾಗಲೇ ಅಪ್ಪನಿಗೆ ಗೊತ್ತಾಗಿದ್ದಂತೆ! 1970ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ವಿಮಾನ ಕಸರತ್ತಿನ ವಿಶ್ವ ಸ್ಪರ್ಧೆಯಲ್ಲಿ ಮಹಿಳೆಯರ ಪ್ರಶಸ್ತಿ ಗೆದ್ದರು. 1975ರಲ್ಲಿ ಮಿಗ್ ವಿಮಾನವನ್ನು ಗಂಟೆಗೆ 2,683 ಕಿ.ಮೀ. ವೇಗದಲ್ಲಿ ಓಡಿಸಿ ದಾಖಲೆ ಮಾಡಿದರು. ಅಂಥ ವೇಗದಲ್ಲಿ ಅಪ್ಪನ ಹೆಸರು ಕಾಪಾಡಲ್ಲ, ಅಲ್ವಾ?

1982ರ ಆಗಸ್ಟಿನಲ್ಲಿ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್-7ಕ್ಕೆ ಹೋದರು. ತೆರೆಷ್ಕೋವಾ ಹೋಗಿ ಬಂದು ಆಗಲೇ 19 ವರ್ಷ. ಅಲ್ಲಿದ್ದ ಗಂಡಸರು ಅಡುಗೆಮನೆ, ಏಪ್ರನ್ ಅಂತ ತಮಾಷೆ ಮಾಡಿದರು ಅನ್ನೋ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂತು. ಟೆಸ್ಟ್ ಪೈಲಟ್ ಒಬ್ಬರಿಗೆ ಇಂಥ ಸ್ವಾಗತ! ಓದಿದಾಗಲೆಲ್ಲ ಬೇಜಾರಾಗುತ್ತದೆ.

ಎರಡನೇ ಸಲ ಹೋಗಿದ್ದು 1984ರ ಜುಲೈನಲ್ಲಿ, ಅದೇ ನಿಲ್ದಾಣಕ್ಕೆ. ನಮ್ಮ ರಾಕೇಶ್ ಶರ್ಮಾ ಅಲ್ಲಿಂದ ವಾಪಸ್ ಬಂದು ಮೂರು ತಿಂಗಳಾಗಿತ್ತು ಅಷ್ಟೇ. ಜುಲೈ 25ರಂದು ಸವಿತ್ಸ್ಕಾಯಾ ಸಹ ಗಗನಯಾತ್ರಿ ಜಾನಿಬೆಕೋವ್ ಜೊತೆ ನಿಲ್ದಾಣದಿಂದ ಹೊರಗೆ ಬಂದರು. ಮೂರೂವರೆ ಗಂಟೆಗಿಂತ ಜಾಸ್ತಿ ಹೊತ್ತು ಹೊರಗಿದ್ದರು. ಕೀವ್‌ನ ಪಾಟನ್ ವೆಲ್ಡಿಂಗ್ ಸಂಶೋಧನಾ ಸಂಸ್ಥೆಯವರು ಮಾಡಿದ ಎಲೆಕ್ಟ್ರಾನ್ ಕಿರಣದ ಉಪಕರಣವನ್ನು ಕೈಯಲ್ಲಿ ಹಿಡಿದು ಲೋಹದ ತಗಡು ಕತ್ತರಿಸಿದರು, ವೆಲ್ಡಿಂಗ್ ಮಾಡಿದರು, ಸೋಲ್ಡರಿಂಗ್ ಮಾಡಿದರು, ಲೋಹದ ಲೇಪನವನ್ನೂ ಕೊಟ್ಟರು. ಬಾಹ್ಯಾಕಾಶದ ಉಡುಪಿನೊಳಗೆ ಗಾಳಿಯ ಒತ್ತಡ ಇರುವುದರಿಂದ ಕೈಗವಸು ಬಿಗಿದುಕೊಂಡಿರುತ್ತದೆ. ಬೆರಳು ಮಡಿಸಲೂ ಬಲ ಹಾಕಬೇಕು. ಕಿರಣ ಸ್ವಲ್ಪ ಜಾರಿ ಉಡುಪಿಗೆ ತಾಗಿದರೆ, ಕರಗಿದ ಲೋಹದ ಒಂದು ಹನಿ ಬಿದ್ದರೆ, ಉಡುಪು ತೂತಾಗಿ ಪ್ರಾಣಕ್ಕೇ ಕುತ್ತು.

ಅಮೆರಿಕದ ಕ್ಯಾಥರಿನ್ ಸಲಿವನ್ ಅದೇ ವರ್ಷ ಅಕ್ಟೋಬರಿನಲ್ಲಿ ಹೊರಗೆ ಬಂದರು. ಅವರಿಗಿಂತ ಮುಂಚೆ ಆಗಬೇಕು ಅನ್ನೋ ಪೈಪೋಟಿ ಸೋವಿಯತ್ ಕಡೆ ಇದ್ದದ್ದು ನಿಜ. ಆದರೆ ಸುಮ್ನೆ ಹೊರಗೆ ಬಂದು ಕೈ ಬೀಸಿ ಹೋಗಿದ್ದರೂ ಆ ದಾಖಲೆ ಸಿಗುತ್ತಿತ್ತು. ಸವಿತ್ಸ್ಕಾಯಾ ಮಾಡಿದ್ದು ಗಟ್ಟಿ ಕಾರ್ಮಿಕರ ಕೆಲಸ.

ಆಮೇಲೆ ಅವರ ನೇತೃತ್ವದಲ್ಲಿ ಮಹಿಳೆಯರದ್ದೇ ತಂಡವೊಂದು ಸಲ್ಯೂತ್-7ಕ್ಕೆ ಹೋಗಬೇಕಿತ್ತು. 1985ರಲ್ಲಿ ನಿಲ್ದಾಣ ಕೆಟ್ಟು ನಿಂತಿತು. ಅದನ್ನು ರಿಪೇರಿ ಮಾಡಿದರೂ, ಅಲ್ಲಿದ್ದ ಕಮಾಂಡರ್ ಕಾಯಿಲೆ ಬಿದ್ದು ಎಲ್ಲರೂ ಬೇಗ ವಾಪಸಾಗಬೇಕಾಯಿತು. ಮಹಿಳೆಯರ ಯಾನ ಕೊನೆಗೂ ನಡೆಯಲಿಲ್ಲ. ಸವಿತ್ಸ್ಕಾಯಾ 1993ರಲ್ಲಿ ನಿವೃತ್ತರಾದರು, ಮುಂದೆ ಕಮ್ಯುನಿಸ್ಟ್ ಪಕ್ಷದಿಂದ ರಷ್ಯಾದ ಸಂಸತ್ತಿಗೆ ಹೋದರು. ಅವರ ನಂತರ ಬಾಹ್ಯಾಕಾಶಕ್ಕೆ ಹೋದ ರಷ್ಯಾದ ಮಹಿಳೆ ಎಲೆನಾ ಕೊಂಡಕೋವಾ, ಅದೂ 1994ರಲ್ಲಿ. ನೀವು ಮುಂದೆ ಓದೋದಾದರೆ ಕೊಂಡಕೋವಾ ಅವರಿಂದ ಶುರು ಮಾಡಿ. ರಷ್ಯಾದ ಮೀರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಅವರು ಐದು ತಿಂಗಳಿಗಿಂತ ಜಾಸ್ತಿ ಇದ್ದರು.