ಎತ್ತರ ಆಮೇಲೆ, ಮೊದಲು ತೂಕ

ಪ್ರಶ್ನೆ: ಸರ್, ನನ್ನದು ಫೋರ್ ವೀಲ್ ಡ್ರೈವ್ ಪಿಕಪ್. ಕಲ್ಲುದಾರಿಯಲ್ಲಿ ಅಡಿಭಾಗ ಉಜ್ಜುತ್ತದೆ. ಹಿಂದೆ 2 ಇಂಚು ಎತ್ತರಿಸಬೇಕು. ಈಗಿರುವ ಕಮಾನಿಗೇ (ಪ್ಲೇಟುಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗ್) ಒಂದು ದಪ್ಪ ಪ್ಲೇಟು ಸೇರಿಸಿದರೆ ಸಾಕು ಅಂತಾರೆ ಮೆಕ್ಯಾನಿಕ್. 300 ಕೆ.ಜಿ. ಲೋಡಿನ ಹೊಸ ಸೆಟ್ಟೇ ಹಾಕಿಸು ಅಂತಾರೆ ಗೆಳೆಯರು. ಟೂಲ್ ಬಾಕ್ಸ್ ಬಿಟ್ಟರೆ ಗಾಡಿ ಹೆಚ್ಚಾಗಿ ಖಾಲಿಯೇ ಓಡುತ್ತದೆ. ಯಾವುದು ಸರಿ?

ಉತ್ತರ: ಖಾಲಿಯೇ ಓಡುತ್ತದೆ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. 300 ಕೆ.ಜಿ. ಸೆಟ್ ಇರುವುದು ಅಷ್ಟು ತೂಕ ದಿನವೂ ಹೊರುವ ಗಾಡಿಗೆ. ಈ ತಪ್ಪು ನಾನೂ ಮಾಡಿದ್ದೆ. 2 ಇಂಚು ಬೇಕಿತ್ತು, ಗಾಡಿ ಮೂರೂವರೆ ಇಂಚು ಎದ್ದು ನಿಂತಿತು. ಕೊರಕಲಿಗೆ ಇಳಿದರೆ ಕಮಾನು ಬಾಗುತ್ತಲೇ ಇರಲಿಲ್ಲ. ಹಿಂದಿನ ಒಂದು ಚಕ್ರ ನೆಲ ಬಿಟ್ಟು ಸುಮ್ನೆ ತಿರುಗುತ್ತಿತ್ತು. ಎತ್ತರ ಸಿಕ್ಕಿತು, ಹಿಡಿತ ಹೋಯಿತು.

ಹಾಗಾಗಿ ದಿನನಿತ್ಯದ ಸಾಮಾನು ಹಾಕಿ, ಟ್ಯಾಂಕ್ ತುಂಬಿಸಿ, ವೇಬ್ರಿಡ್ಜ್‌ನಲ್ಲಿ ಹಿಂದಿನ ಆಕ್ಸಲ್ ಮಾತ್ರ ತೂಗಿಸಿ. ಆ ತೂಕಕ್ಕೆ 2 ಇಂಚು ಎತ್ತುವ ಸೆಟ್ ಕೇಳಿ.

ಇನ್ನು ದಪ್ಪ ಪ್ಲೇಟಿನ ವಿಷಯ. ಪ್ಲೇಟಿನ ದಪ್ಪ ಸ್ವಲ್ಪ ಏರಿದರೂ ಗಡಸು, ಅಂದರೆ ಬಾಗದೆ ನಿಲ್ಲುವ ಗುಣ, ಬಹಳ ಏರುತ್ತದೆ. 8 ಮಿ.ಮೀ. ಬದಲು 10 ಮಿ.ಮೀ. ಹಾಕಿದರೆ ಹೆಚ್ಚುಕಮ್ಮಿ ಎರಡು ಪಟ್ಟು! ಉದ್ದ, ಅಗಲ ಒಂದೇ ಆಗಿದ್ದರೆ, 10 ಮಿ.ಮೀ.ನ ನಾಲ್ಕು ಪ್ಲೇಟು ಹೊರುವ ಭಾರವನ್ನೇ 8 ಮಿ.ಮೀ.ನ ಎಂಟು ಪ್ಲೇಟು ಹೊರುತ್ತವೆ. ಆದರೆ ಅಷ್ಟೇ ಬಾಗಿದಾಗ ತೆಳು ಪ್ಲೇಟಿನ ಮೇಲೆ ಒತ್ತಡ ಕಮ್ಮಿ, ಬಾಳಿಕೆ ಜಾಸ್ತಿ. ಕಲ್ಲುದಾರಿಗೆ ನನ್ನ ಆಯ್ಕೆ ಯಾವಾಗಲೂ ತೆಳುವಾದ, ಉದ್ದನೆಯ, ಹೆಚ್ಚು ಪ್ಲೇಟುಗಳ ಸೆಟ್. ಎರಡನೇ ಪ್ಲೇಟಿನ ತುದಿ ಮೊದಲ ಪ್ಲೇಟಿನ ಕಣ್ಣನ್ನು (ಬೋಲ್ಟ್ ಕೂರುವ ತುದಿಯ ಸುರುಳಿ) ಸುತ್ತಿರಬೇಕು. ಮೇಲಿನದು ಕಾಡಿನ ಮಧ್ಯೆ ಮುರಿದರೂ ಆಕ್ಸಲ್ ಜಾಗ ಬಿಡದೆ ನಿಲ್ಲುತ್ತದೆ.

ಆಕ್ಸಲ್ ಮತ್ತು ಕಮಾನಿನ ನಡುವೆ ಬ್ಲಾಕ್ ಇಡೋಣ ಅಂತ ಯಾರಾದರೂ ಹೇಳಬಹುದು. ಅಗ್ಗದ ದಾರಿಯೇನೋ ಹೌದು. ಆದರೆ ಕಡಿದಾದ ಏರಿನಲ್ಲಿ ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ಆಕ್ಸಲರೇಟರ್ ಒತ್ತಿದ ಕೂಡಲೇ ಆಕ್ಸಲ್ ಹಿಂದಕ್ಕೆ ತಿರುಚಿ, ಕಮಾನು ಎಸ್ ಆಕಾರಕ್ಕೆ ಬಾಗುತ್ತದೆ. ಆಕ್ಸಲ್ ನಡುವಿನ ಗೇರುಗಳ ಗುಂಡು, ಅಂದರೆ ಡಿಫರೆನ್ಷಿಯಲ್, ಅದರ ಮೂತಿ ಮೇಲೇಳುತ್ತದೆ. ಆಮೇಲೆ ಟಕ್ ಅಂತ ವಾಪಸ್. ಬ್ಲಾಕ್ ಎತ್ತರ ಆದಷ್ಟೂ ಈ ತಿರುಚು ಜಾಸ್ತಿ. ಡ್ರೈವ್ ಶಾಫ್ಟಿನ ತಿರುಗುವ ಕೀಲು, ಯೂನಿವರ್ಸಲ್ ಜಾಯಿಂಟ್, ಮುರಿಯುವುದು ಹೀಗೇ. ಮುಂದಿನ ಆಕ್ಸಲ್‌ಗಂತೂ ಬ್ಲಾಕ್ ಬೇಡವೇ ಬೇಡ.

ಒಂದು ಮಾತು ನೆನಪಿರಲಿ. ಕಮಾನು ಎತ್ತುವುದು ಚಾಸಿಯನ್ನು. ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ, ಅದು ಮೇಲೇಳುವುದು ದೊಡ್ಡ ಟೈರಿನಿಂದ ಮಾತ್ರ. ನಿಮ್ಮದು ಉಜ್ಜುತ್ತಿರುವುದು ಎಲ್ಲಿ ಅಂತ ಕೆಳಗೆ ಮಲಗಿ ನೋಡಿದ್ದೀರಾ? ಗೀರು ಗುಂಡಿನ ಮೇಲಿದ್ದರೆ ಕಮಾನಿಗೆ ದುಡ್ಡು ಹಾಕುವ ಮೊದಲು ಟೈರಿನ ಕಡೆ ನೋಡಿ.

ಸೆಟ್ ಹಾಕಿಸುವ ದಿನ ಶಾಕ್ ಅಬ್ಸಾರ್ಬರ್ ಮತ್ತು ಬ್ರೇಕ್ ಹೋಸ್‌ನ ಉದ್ದ ಸಾಲುತ್ತದಾ ಅಂತ ಚಕ್ರ ಪೂರ್ತಿ ಇಳಿಬಿಟ್ಟು ನೋಡಿಸಿ. ಕಮಾನನ್ನು ಆಕ್ಸಲ್‌ಗೆ ಬಿಗಿಯುವ ಹಳೇ ಯೂ ಬೋಲ್ಟ್ ಮತ್ತೆ ಹಾಕಲು ಬಿಡಬೇಡಿ, ಅವು ಆಗಲೇ ಹಿಗ್ಗಿರುತ್ತವೆ. ಕಮಾನಿನ ಕಣ್ಣಿನೊಳಗಿನ ಬುಷ್ ಬೋಲ್ಟ್‌ಗಳ ಕೊನೆಯ ಬಿಗಿತ ಗಾಡಿ ಚಕ್ರದ ಮೇಲೆ ನಿಂತಾಗಲೇ ಆಗಲಿ. ನಾಲ್ಕೈದು ನೂರು ಕಿ.ಮೀ. ಓಡಿಸಿ ಯೂ ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿಸಿ.