ಸಂಪಾದಕರ ಉತ್ತರ: ಹಾಜರಿ ಕೂಗಿದರ ಪದ್ಯ ಆಗೂದಿಲ್ಲ

ಇಳಕಲ್ಲಿನ ಅಕ್ಕೋರಿಗೆ ನಮಸ್ಕಾರ.

ನಿಮ್ಮ ಪತ್ರವೂ ಜೊತೆಗಿನ ಎರಡು ಫೋಟೊಗಳೂ ತಲುಪಿವೆ. ಉಳಿದ ಓದುಗರಿಗೆ ತಿಳಿಯಲೆಂದು ಪತ್ರದ ಸಾರ ಹೇಳಿಬಿಡುತ್ತೇವೆ. ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ, ಬೆನ್ನ ಮೇಲಿನ ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿದರೆ ಪದ್ಯವಾಗುವ ಆಟವನ್ನು ಆರನೆಯ ತರಗತಿಯ ಮಕ್ಕಳಿಗೆ ಹಚ್ಚಿದ್ದೀರಿ. ಅವರಿಗೆ ಮಾದರಿಯಾಗಲೆಂದು ಐದು ಪುಸ್ತಕದ ಒಂದು ಪದ್ಯ ಕಟ್ಟಿ ನಮಗೂ ಕಳಿಸಿದಿರಿ. ‘ಪ್ರಕಟಿಸಲಾಗದು’ ಎಂದು ನಾವು ಒಂದು ಸಾಲು ಬರೆದು ಕೈತೊಳೆದುಕೊಂಡೆವು. ಈಗ ನೀವು, ‘ಪುಸ್ತಕ ಛಲೋ ಅದಾವ, ಹೆಸರೂ ಛಲೋ ಅದಾವ, ಪದ್ಯ ಯಾಕ ಛಲೋ ಆಗಲಿಲ್ಲ, ಬಿಡಿಸಿ ಹೇಳ್ರಿ’ ಎಂದು ಕೇಳಿದ್ದೀರಿ. ಕೇಳುವ ಹಕ್ಕು ನಿಮ್ಮದು.

ನಿಮ್ಮ ಪದ್ಯ ಇದು:

ಪರ್ವ
ದಾಟು
ನೆಲೆ
ಅಂಚು
ಮಂದ್ರ

ಐದೂ ಎಸ್.ಎಲ್. ಭೈರಪ್ಪನವರ ಕಾದಂಬರಿಗಳು. ಒಬ್ಬರದೇ ಪುಸ್ತಕ ಆಗಬಾರದು ಎಂದೇನಿಲ್ಲ. ತೊಡಕು ಬೇರೆ ಕಡೆ ಇದೆ. ಜೋರಾಗಿ ಓದಿ ಮಾತ್ರೆ ಎಣಿಸಿ: ಮೂರು, ಮೂರು, ಎರಡು, ಮೂರು, ಮೂರು. ತರಗತಿಯಲ್ಲಿ ಹಾಜರಿ ಕೂಗಿದ ಹಾಗೆ ಕೇಳುತ್ತದೆ. ಪ್ರತಿ ಹೆಸರೂ ‘ಹಾಂ’ ಅಂದು ಕೂತುಬಿಡುತ್ತದೆ, ಪಕ್ಕದವನ ಕಡೆ ತಿರುಗುವುದಿಲ್ಲ.

ಇಂಗ್ಲಿಷಿನವರಿಗೆ ಈ ಆಟ ಸ್ವಲ್ಪ ಸಲೀಸು. ಅಲ್ಲಿ ಪದಗಳ ಸಂಬಂಧವನ್ನು ಬಹುಮಟ್ಟಿಗೆ ಅವು ನಿಂತ ಜಾಗವೇ ಹೇಳುತ್ತದೆ. ಅಮೆರಿಕದ ಕಲಾವಿದೆ ನೀನಾ ಕಚಡೂರಿಯನ್ 1993ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಮನೆಯ ಪುಸ್ತಕಗಳನ್ನು ಹೀಗೆ ಜೋಡಿಸಲು ಶುರುಮಾಡಿ, ಆಮೇಲೆ ಹಲವು ಗ್ರಂಥಸಂಗ್ರಹಗಳಲ್ಲಿ ಅದನ್ನೇ ಮುಂದುವರಿಸಿದರು. ಆಟ ಹಬ್ಬಿದ್ದಕ್ಕೆ ಅದೊಂದು ದೊಡ್ಡ ಕಾರಣ. ಕನ್ನಡದಲ್ಲಿ ಕೆಲಸ ಮಾಡುವುದು ಪದದ ಬಾಲ: ಗೆ, ಇಂದ, ಅಲ್ಲಿ, ಆಗ, ಮೇಲೆ. ಬಾಲವಿರುವ ಹೆಸರು ಸಿಕ್ಕರೆ ಅದು ಮುಂದಿನದನ್ನು ತಾನಾಗಿ ಎಳೆದುಕೊಳ್ಳುತ್ತದೆ. ನಿಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಳಕಲ್ ಸೀರೆಯ ಮೈಯ ಹಾಸಿನ ಎಳೆಗೂ ಸೆರಗಿನ ಹಾಸಿನ ಎಳೆಗೂ ಕುಣಿಕೆ ಹಾಕಿ ಕೂಡಿಸುವ ತೋಪ್ ತೆನಿ ಇಲ್ಲದಿದ್ದರೆ ಮೈ ಬೇರೆ, ಸೆರಗು ಬೇರೆ. ನೀವು ಕಳಿಸಿದ್ದು ಐದು ಚೆಂದದ ತುಂಡುಗಳು, ಕುಣಿಕೆ ಇಲ್ಲ.

ಕುಣಿಕೆ ಇರುವ ಹೆಸರು ಹೇಗಿರುತ್ತದೆ ನೋಡಿ. ತ್ರಿವೇಣಿಯವರ ‘ಹಣ್ಣೆಲೆ ಚಿಗುರಿದಾಗ’. ಆ ‘ಆಗ’ ಬಂದ ಕೂಡಲೇ ‘ಏನಾಯ್ತು?’ ಎಂದು ಕಿವಿ ಕೇಳುತ್ತದೆ. ಅದರ ಕೆಳಗೆ ಯಶವಂತ ಚಿತ್ತಾಲರ ಕಥಾಸಂಕಲನ ಇಡಿ:

ಹಣ್ಣೆಲೆ ಚಿಗುರಿದಾಗ
ಕತೆಯಾದಳು ಹುಡುಗಿ

ಎರಡೇ ಪುಸ್ತಕ, ಪೂರ್ತಿ ವಾಕ್ಯ. ಕ್ರಿಯಾಪದ ಇರುವ ಹೆಸರು ಕಪಾಟಿನಲ್ಲಿ ಅಪರೂಪ, ಸಿಕ್ಕರೆ ಎತ್ತಿಟ್ಟುಕೊಳ್ಳಿ. ಇಲ್ಲೇ ನಿಲ್ಲಬೇಕು ಅನ್ನುವುದೂ ಮುಖ್ಯ. ಇದರ ಕೆಳಗೆ ಅನಂತಮೂರ್ತಿಯವರ ‘ಎಂದೆಂದೂ ಮುಗಿಯದ ಕತೆ’ ಇಡಲು ಕೈ ತುರಿಸುತ್ತದೆ. ಇಟ್ಟರೆ ‘ಕತೆ’ ಎರಡು ಸಲ ಬಂದು, ಕತೆಯಾದ ಹುಡುಗಿ ಹೋಗಿ ಬರೀ ಕತೆಯ ಬಗ್ಗೆ ಮಾತು ಉಳಿಯುತ್ತದೆ. ಆ ಹೆಸರನ್ನು ಕೊನೆಯ ಸಾಲಾಗಿಸುವ ಆಸೆ ಎಲ್ಲರಿಗೂ ಒಂದಲ್ಲ ಒಂದು ಸಲ ಬರುತ್ತದೆ. ಒಮ್ಮೆ ಮಾಡಿ, ಆಮೇಲೆ ಬಿಟ್ಟುಬಿಡಿ.

ಇನ್ನೊಂದು, ಮೂರು ಪುಸ್ತಕದ್ದು. ಮೊದಲನೆಯದೂ ಕೊನೆಯದೂ ಶಿವರಾಮ ಕಾರಂತರವು, ನಡುವಿನದು ಕುವೆಂಪು ಆತ್ಮಕಥೆ:

ಅಳಿದ ಮೇಲೆ
ನೆನಪಿನ ದೋಣಿಯಲ್ಲಿ
ಮರಳಿ ಮಣ್ಣಿಗೆ

ಮೂರಕ್ಕೂ ಬಾಲ ಇದೆ: ಮೇಲೆ, ಅಲ್ಲಿ, ಗೆ. ಕರ್ತೃ ಇಲ್ಲ, ಕ್ರಿಯಾಪದವೂ ಇಲ್ಲ. ಯಾರು ಅಳಿದರು, ಯಾರು ಮರಳಿದರು ಎಂದು ಹೇಳುವುದೇ ಇಲ್ಲ, ಆದರೂ ವಾಕ್ಯ ನಡೆಯುತ್ತದೆ. ಮಾತ್ರೆ ಆರು, ಹತ್ತು, ಏಳು; ಏರಿ ಇಳಿಯುತ್ತದೆ. ನಮ್ಮ ಕಡೆಯ ಕಿವಿಗೆ ಮೂರು ಸಾಲು ಹಿತವಾಗಲು ಕಾರಣವಿದೆ. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನನ್ನು ಹೊಗಳಿದ ಸುಮಾರು 700ರ ಶಾಸನ ತ್ರಿಪದಿಯಲ್ಲೇ ಇದೆ. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ಗರತಿಯ ಹಾಡುಗಳೂ ಹೆಚ್ಚಾಗಿ ತ್ರಿಪದಿಗಳೇ. ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮಗಣ ಎಂಬ ತ್ರಿಪದಿಯ ಛಂದಸ್ಸಿನ ಲೆಕ್ಕಕ್ಕೆ ಪುಸ್ತಕದ ಹೆಸರುಗಳನ್ನು ಬಗ್ಗಿಸಲು ಹೋಗಬೇಡಿ, ಆಗುವುದಿಲ್ಲ. ಮೂರನೆಯ ಸಾಲು ಎರಡನೆಯದಕ್ಕಿಂತ ಗಿಡ್ಡ ಇರಲಿ ಅನ್ನುವಷ್ಟನ್ನು ಮಾತ್ರ ಅಲ್ಲಿಂದ ಕಡ ತನ್ನಿ.

ಈಗ ನಿಮ್ಮ ಐದಕ್ಕೆ ಬರೋಣ. ಅದರಲ್ಲೊಂದು ಗುಟ್ಟು ಅಡಗಿತ್ತು, ನೀವೇ ಪೇರಿಸಿದರೂ ನಿಮ್ಮ ಕಣ್ಣಿಗೆ ಬೀಳಲಿಲ್ಲ. ‘ದಾಟು’ ನಾಮಪದ ಹೌದು, ಆದರೆ ಅಪ್ಪಣೆಯೂ ಹೌದು. ಅದರ ಮೇಲೆ ‘ಪರ್ವ’ದ ಬದಲು ‘ಅಂಚು’ ಬರಬೇಕಿತ್ತು. ಮೇಲೆ ಕೆಳಗೆ ತ್ರಿವೇಣಿಯವರ ಎರಡು ಕಾದಂಬರಿ ಸೇರಿಸಿ ನೋಡಿ:

ದೂರದ ಬೆಟ್ಟ
ಅಂಚು
ದಾಟು
ಬಾನು ಬೆಳಗಿತು

ಎರಡು ಅರ್ಥಕ್ಕೆ ಬಾಗುವ ಇಂಥ ಹೆಸರುಗಳೇ ನಿಜವಾದ ಬಂಡವಾಳ. ಸುಮ್ಮನೆ ಚೆಂದ ಇರುವ ಹೆಸರು ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ತೀರಾ ಪ್ರಸಿದ್ಧವಾದದ್ದಂತೂ ಅಪಾಯ. ‘ಚೋಮನ ದುಡಿ’ ಇಟ್ಟಿರೋ, ಚೋಮ ಬಂದು ಪದ್ಯದ ನಡುವೆ ಕೂತ, ಉಳಿದ ಸಾಲೆಲ್ಲ ಅವನ ಕತೆಗೆ ಅಡಿಟಿಪ್ಪಣಿ. ವ್ಯಕ್ತಿಯ ಹೆಸರಿರುವ ಶೀರ್ಷಿಕೆ ಒಂದು ಪದ್ಯಕ್ಕೆ ಒಂದು ಸಾಕು, ಇಲ್ಲದಿದ್ದರೆ ಇನ್ನೂ ವಾಸಿ.

ಮಾಡುವ ಬಗೆ. ಮೊದಲೇ ಪುಸ್ತಕ ಎಳೆದು ಹಾಕಬೇಡಿ. ಹಳೆಯ ಲಗ್ನಪತ್ರಿಕೆಗಳನ್ನು ಉದ್ದಕ್ಕೆ ಕತ್ತರಿಸಿ ಮೂವತ್ತು ನಲವತ್ತು ಪಟ್ಟಿ ಮಾಡಿ, ಒಂದೊಂದರ ಮೇಲೆ ಒಂದೊಂದು ಹೆಸರು, ಬೆನ್ನ ಮೇಲೆ ಇದ್ದ ಹಾಗೆಯೇ ಬರೆಯಿರಿ. ಬಾಲ ಇದ್ದದ್ದಕ್ಕೆ ಕೆಂಪು ಚುಕ್ಕೆ, ಕ್ರಿಯಾಪದ ಇದ್ದದ್ದಕ್ಕೆ ಹಸಿರು, ಬರೀ ನಾಮಪದಕ್ಕೆ ಏನೂ ಬೇಡ. ಚಾಪೆಯ ಮೇಲೆ ಹರಡಿ ಕೆಂಪಿನಿಂದ ಶುರುಮಾಡಿ, ಹಸಿರನ್ನು ಕೆಳಗಿಡಿ, ಯಾಕೆಂದರೆ ಕನ್ನಡದ ವಾಕ್ಯಕ್ಕೆ ಕ್ರಿಯಾಪದ ಕೊನೆಗೆ ಬೇಕು. ಮಕ್ಕಳಿಗೆ ಇದು ವಿಭಕ್ತಿಯ ಪಾಠವೂ ಆಗುತ್ತದೆ, ಆದರೆ ಹಾಗೆಂದು ಅವರಿಗೆ ಹೇಳಬೇಡಿ. ಪಟ್ಟಿಯಲ್ಲಿ ಪದ್ಯ ನಿಂತ ಮೇಲೆ ಆ ಮೂರೋ ನಾಲ್ಕೋ ಪುಸ್ತಕ ಮಾತ್ರ ಕಪಾಟಿನಿಂದ ತೆಗೆಯಿರಿ. ತೆಗೆಯುವಾಗ ಬೆನ್ನಿನ ತಲೆಗೆ ಬೆರಳು ಕೊಕ್ಕೆ ಹಾಕಿ ಎಳೆಯುವುದು ಬೇಡ. ಹಳೆಯ ಪುಸ್ತಕ ಮೊದಲು ಹರಿಯುವುದು ಅಲ್ಲೇ. ಅಕ್ಕಪಕ್ಕದ ಎರಡನ್ನು ಒಳಗೆ ತಳ್ಳಿ, ಬೇಕಾದದ್ದರ ನಡು ಹಿಡಿದು ತೆಗೆಯಿರಿ. ಗ್ರಂಥಾಲಯದ್ದಾದರೆ ವಾಪಸ್ ನೀವೇ ಇಡದೆ ಮೇಜಿನ ಮೇಲೆ ಬಿಡಿ. ತಪ್ಪು ಜಾಗದಲ್ಲಿ ಸೇರಿದ ಪುಸ್ತಕವೂ ಕಳೆದ ಪುಸ್ತಕವೂ ಗ್ರಂಥಪಾಲಕರಿಗೆ ಒಂದೇ. ಹೆಸರಿನ ಅರ್ಧದ ಮೇಲೆ ಸಂಖ್ಯೆಯ ಚೀಟಿ ಅಂಟಿಸಿದ್ದರೆ ಕೀಳಬೇಡಿ. ಅದೃಷ್ಟ ಇಲ್ಲ ಅಂದುಕೊಳ್ಳಿ.

ಪೇರಿಸುವಾಗ ಎರಡು ತಾಪತ್ರಯ. ಮೊದಲನೆಯದು ದಪ್ಪ. ಮೇಲೆ ಹೇಳಿದ ಕಾರಂತ–ಕುವೆಂಪು ಪದ್ಯವನ್ನೇ ಪೇರಿಸಿ ನೋಡಿ. ‘ನೆನಪಿನ ದೋಣಿಯಲ್ಲಿ’ ಇಟ್ಟಿಗೆಯಂಥ ಪುಸ್ತಕ, ಅದು ನಡುವೆ ಬಂದು ಕೆಳಗಿನದಕ್ಕಿಂತ ಹೊರಚಾಚುತ್ತದೆ. ಭಾರವಾದ್ದನ್ನು ಕೆಳಗಿಡೋಣ ಎಂದರೆ ಸಾಲಿನ ಕ್ರಮ ಕೆಡುತ್ತದೆ. ಬೆನ್ನುಗಳನ್ನು ಒಂದು ಉದ್ದ ಅಳತೆಪಟ್ಟಿಗೆ ಒತ್ತಿ ಸಮ ಮಾಡಿ, ಹಿಂದೆ ತಗ್ಗು ಬಿದ್ದ ಕಡೆ ಮಡಚಿದ ಪತ್ರಿಕೆ ತುರುಕಿ. ಕ್ಯಾಮೆರಾಕ್ಕೆ ಕಾಣುವುದು ಮುಂಭಾಗ ಮಾತ್ರ. ಎರಡನೆಯದು ದಿಕ್ಕು. ನಮ್ಮಲ್ಲಿ ಹೆಚ್ಚಿನ ಪುಸ್ತಕಗಳ ಬೆನ್ನ ಮೇಲೆ ಹೆಸರು ಮೇಲಿನಿಂದ ಕೆಳಗೆ ಓಡುತ್ತದೆ, ಮುಖಪುಟ ಮೇಲೆ ಮಾಡಿ ಮಲಗಿಸಿದರೆ ನೆಟ್ಟಗೆ ಓದಬಹುದು. ಕೆಲವು ಪ್ರಕಾಶಕರು ಕೆಳಗಿನಿಂದ ಮೇಲಕ್ಕೆ ಹಾಕುತ್ತಾರೆ, ಅಂಥದ್ದನ್ನು ಬೋರಲು ಮಲಗಿಸಿ. ಅಷ್ಟೇ ಮದ್ದು.

ಕವನ ಸಂಕಲನಗಳು ಈ ಆಟದಲ್ಲಿ ಕಡಿಮೆ ಕಾಣುವುದಕ್ಕೂ ದಪ್ಪವೇ ಕಾರಣ. ನೂರು ಪುಟ ಎಂದರೆ ಐವತ್ತು ಹಾಳೆ. 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದದಲ್ಲಿ ಅದು ಸುಮಾರು ನಾಲ್ಕೂವರೆ ಮಿಲಿಮೀಟರ್. ಅಕ್ಷರ ಕೂರುವುದು ಕಷ್ಟ. ಇನ್ನೂ ತೆಳುವಾದದ್ದಕ್ಕೆ ನಡುವೆ ಪಿನ್ ಹೊಡೆದಿರುತ್ತಾರೆ, ಬೆನ್ನೇ ಇಲ್ಲ. ಪದ್ಯ ಕಟ್ಟಲೂ ಕಾದಂಬರಿಗಳ ಹೆಸರನ್ನೇ ನೆಚ್ಚಬೇಕಾದ ಪರಿಸ್ಥಿತಿ!

ಫೋಟೊ ಬೆಳಿಗ್ಗೆ ತೆಗೆಯಿರಿ, ಕಿಟಕಿ ಒಂದು ಪಕ್ಕಕ್ಕಿರಲಿ, ಬಿಸಿಲು ನೇರ ಬೀಳದಿರಲಿ. ಫ್ಲ್ಯಾಶ್ ಹಾಕಿದರೆ ಲ್ಯಾಮಿನೇಶನ್ ಹೊಳೆದು ಅಕ್ಷರ ಬೆಳ್ಳಗಾಗುತ್ತದೆ. ನಿಮ್ಮ ಮೊದಲ ಫೋಟೊದಲ್ಲಿ ‘ಮಂದ್ರ’ ಹೀಗೇ ಮಾಯವಾಗಿದೆ. ಫೋನು ಪೇರಿಕೆಯ ನಡುಮಟ್ಟಕ್ಕೆ, ಮೂರು ನಾಲ್ಕು ಅಡಿ ದೂರಕ್ಕೆ ಬರಲಿ. ಹತ್ತಿರ ಹಿಡಿದರೆ ಅಂಚಿನ ಪುಸ್ತಕಗಳು ವಾಲಿದ ಹಾಗೆ ಕಾಣುತ್ತವೆ. ನಮ್ಮ ಪುಟದಲ್ಲಿ 12 ಸೆಂ.ಮೀ. ಅಗಲಕ್ಕೆ ಅಚ್ಚಾಗಬೇಕಾದರೆ ಕತ್ತರಿಸಿ ಉಳಿದ ಭಾಗ ಕನಿಷ್ಠ 1,400 ಪಿಕ್ಸೆಲ್ ಅಗಲ ಇರಬೇಕು. ವಾಟ್ಸ್‌ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ.

ಪದ ಸೇರಿಸಬಹುದೇ ಎಂದು ಕೇಳಿದ್ದೀರಿ. ಇಲ್ಲ. ‘ಪರ್ವ’ವನ್ನು ‘ಪರ್ವದ’ ಮಾಡುವಂತಿಲ್ಲ; ಬಾಲವನ್ನು ಕಪಾಟಿನಲ್ಲೇ ಹುಡುಕಬೇಕು, ಇಲ್ಲವಾದರೆ ಆಟ ಏನು ಉಳಿಯಿತು? ಚುಕ್ಕೆ, ಪ್ರಶ್ನಾರ್ಥಕ ಚಿಹ್ನೆ ಓದುವವರ ದನಿಗೆ ಬಿಟ್ಟದ್ದು. ಸಣ್ಣಕ್ಷರದ ಉಪಶೀರ್ಷಿಕೆ ಓದದೆ ಬಿಡಬಹುದು. ಬೈಂಡರು ಕ್ಯಾಲಿಕೊ ಬಟ್ಟೆ ಹಾಕಿದ ಬೆನ್ನ ಮೇಲೆ ಯಾರೋ ಶಾಯಿಯಲ್ಲಿ ಹೆಸರು ಬರೆದಿದ್ದರೆ ಅದೂ ನಡೆಯುತ್ತದೆ, ನಮಗಂತೂ ಅದೇ ಇಷ್ಟ. ಲೇಖಕರು ತಕರಾರು ತೆಗೆದಾರು ಎಂಬ ಹೆದರಿಕೆ ಬೇಡ. ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯ ಇಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಆದರೂ ಫೋಟೊದಲ್ಲಿ ಲೇಖಕರ ಹೆಸರು ಮುಚ್ಚಬೇಡಿ. ಕೆಲವೊಮ್ಮೆ ಆ ಹೆಸರೇ ಕೆಲಸಕ್ಕೆ ಬರುತ್ತದೆ: ‘ತ್ರಿವೇಣಿ’ ಎಂಬುದನ್ನು ಒಂದು ಸಾಲಾಗಿಯೂ ಓದಿಕೊಳ್ಳಬಹುದು.

ಸಾಲೆಯ ಕಪಾಟಿನಲ್ಲಿ ಮರಾಠಿ ಪುಸ್ತಕವೂ ಇವೆ, ಅವು ನಡೆಯುತ್ತವೆಯೇ ಎಂದಿದ್ದೀರಿ. ಬೆಳಗಾವಿ ಕಡೆಯ ಮನೆಗಳಲ್ಲಿ ಕೇಳುವುದೇ ಬೇಡ, ಎರಡೂ ಲಿಪಿ ಒಂದೇ ಹಲಗೆಯ ಮೇಲೆ ಇರುತ್ತವೆ. ಕನ್ನಡದ ಕಿವಿಗೆ ಅನುವಾದ ಬೇಡದ ಹೆಸರಾದರೆ ಧಾರಾಳವಾಗಿ ತೆಗೆದುಕೊಳ್ಳಿ. ರಣಜಿತ ದೇಸಾಯಿಯವರ ಮರಾಠಿ ಕಾದಂಬರಿ, ಕೆಳಗೆ ಘೋಡಗೇರಿಯ ಚಂದ್ರಶೇಖರ ಕಂಬಾರರ ಕಾವ್ಯ:

ಸ್ವಾಮಿ
ಹೇಳತೇನ ಕೇಳ

‘ಸ್ವಾಮಿ’ ಎಂದು ಕರೆದು ಮರುಸಾಲಿಗೇ ‘ಕೇಳ’ ಎಂದು ಏಕವಚನಕ್ಕಿಳಿಯುವುದು ನಮ್ಮ ಭಾಗದ ಮಂದಿಗೆ ಮಾತ್ರ ಸಾಧ್ಯ. ಬೆಂಗಳೂರಿನ ಕಪಾಟಿನಲ್ಲಿ ಇದು ಹುಟ್ಟುವುದು ಕಷ್ಟ.

ಕೊನೆಗೆ ನಿಮ್ಮ ಎರಡನೆಯ ಫೋಟೊ. ಅದನ್ನು ‘ಸುಮ್ಮನೆ ಇರಲಿ’ ಎಂದು ಲಗತ್ತಿಸಿದ್ದೀರಿ. ತರಗತಿಯ ಒಬ್ಬ ಹುಡುಗಿ ಮಾಡಿದ್ದು, ತ್ರಿವೇಣಿಯವರದೊಂದು, ಭೈರಪ್ಪನವರದೊಂದು:

ಬೆಕ್ಕಿನ ಕಣ್ಣು
ನಾಯಿ ನೆರಳು

ಇಲ್ಲಿ ‘ಅಲ್ಲಿ’, ‘ಗೆ’, ‘ಆಗ’ ಯಾವುದೂ ಇಲ್ಲ, ಕ್ರಿಯಾಪದ ಇಲ್ಲ. ಇಷ್ಟೊತ್ತು ನಾವು ಹೇಳಿದ್ದರಲ್ಲಿ ಒಂದನ್ನೂ ಅವಳು ಪಾಲಿಸಿಲ್ಲ. ಬೆಕ್ಕಿಗೆ ನಾಯಿ, ಕಣ್ಣಿಗೆ ನೆರಳು ಎದುರಾಗಿ, ಒಂದು ಕತ್ತಲ ಓಣಿಯೇ ಕಾಣುತ್ತದೆ. ಯಾವುದು ಯಾವುದನ್ನು ನೋಡುತ್ತಿದೆ ಎಂದು ಹೇಳದೆ ಬಿಟ್ಟಿದ್ದಾಳೆ. ಮುಂದಿನ ಸಂಚಿಕೆಗೆ ಇದನ್ನು ತೆಗೆದುಕೊಂಡಿದ್ದೇವೆ. ‘ನಾಯಿ ನೆರಳು’ ತಲೆಕೆಳಗಾಗಿ ಬಂದಿದೆ. ಆ ಪುಸ್ತಕವನ್ನೊಂದು ತಿರುಗಿಸಿ ಮಲಗಿಸಿ, ಬೆಳಿಗ್ಗೆ ಮತ್ತೊಂದು ಫೋಟೊ ತೆಗೆದು, ಅವಳನ್ನೂ ಅವಳ ಮನೆಯವರನ್ನೂ ಕೇಳಿ ಹೆಸರಿನ ಜೊತೆ ಕಳಿಸಿಕೊಡಿ.

— ಸಂಪಾದಕ