ಕರೆಂಟಿಗೆ ಅಣುಶಕ್ತಿ ಒಳ್ಳೆಯದಾ, ಸೋಲಾರ್ ಮತ್ತು ಗಾಳಿ ಒಳ್ಳೆಯದಾ?

ಮಾಲಿನ್ಯದ ಲೆಕ್ಕದಲ್ಲಿ ಎರಡೂ ಒಳ್ಳೆಯವೇ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2014ರ ವರದಿ ಪ್ರಕಾರ ಒಂದು ಯೂನಿಟ್ ಕರೆಂಟಿಗೆ ಅಣುಶಕ್ತಿ, ಗಾಳಿ ಎರಡರಿಂದಲೂ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 12 ಗ್ರಾಂ. ಕಲ್ಲಿದ್ದಲಿನಿಂದ 820 ಗ್ರಾಂ!

ವ್ಯತ್ಯಾಸ ಇರುವುದು ಸಮಯದಲ್ಲಿ. ಅಣುಸ್ಥಾವರ ಹಗಲು ರಾತ್ರಿ ಒಂದೇ ಸಮ ಓಡುತ್ತದೆ. ಆದರೆ ಕಟ್ಟಲು ವರ್ಷಗಟ್ಟಲೆ ಬೇಕು. ಫಿನ್‌ಲ್ಯಾಂಡಿನ ಓಲ್ಕಿಲುಓಟೊ 3 ಅಣುಸ್ಥಾವರದ ಕೆಲಸ 2005ರಲ್ಲಿ ಶುರುವಾಯಿತು, ಪೂರ್ತಿ ಉತ್ಪಾದನೆಗೆ ಬಂದದ್ದು 2023ರಲ್ಲಿ. ಸೋಲಾರ್ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಆದರೆ ಸಂಜೆ ಎಲ್ಲರೂ ಲೈಟ್ ಹಾಕುವ ಹೊತ್ತಿಗೇ ಅದು ನಿಲ್ಲುತ್ತದೆ, ಅಲ್ವಾ? ಬ್ಯಾಟರಿ ಕೆಲವು ಗಂಟೆ ನಿಭಾಯಿಸುತ್ತದೆ, ವಾರಗಟ್ಟಲೆ ಮೋಡ ಕವಿದರೆ ಸಾಲದು. ಅಣುತ್ಯಾಜ್ಯವನ್ನಂತೂ ಸಾವಿರಾರು ವರ್ಷ ಜೋಪಾನ ಮಾಡಬೇಕು.

ನನ್ನ ಪ್ರಕಾರ ಹೊಸದಾಗಿ ಹಾಕುವುದು ಜಾಸ್ತಿ ಸೋಲಾರ್, ಗಾಳಿಯೇ ಆಗಲಿ. ಚೆನ್ನಾಗಿ ಓಡುತ್ತಿರುವ ಅಣುಸ್ಥಾವರವನ್ನು ಮಾತ್ರ ಅವಸರಕ್ಕೆ ಮುಚ್ಚಬಾರದು. ಮುಚ್ಚಿದರೆ ಎಷ್ಟೋ ಸಲ ಆ ಜಾಗ ತುಂಬುವುದು ಕಲ್ಲಿದ್ದಲು, ಗ್ಯಾಸ್.